ಎರಡು ಇರಮ ಬೆಲ್ಲ

ಗೌಸಬಿಯವರ ಎದುರಿಗೆ ನಿಲ್ಲಲು ನನಗೆ ಇವತ್ತಿಗೂ ಒಂದು ಬಗೆಯ ಸಂಕೋಚ. ಅವರು ಮನುಷ್ಯರ ಮುಖ ನೋಡುವುದು ಆಮೇಲೆ, ಮೊದಲು ನೋಡುವುದು ಹೆಗಲನ್ನು. ಎಡ ಹೆಗಲಿನಿಂದ ಬಲ ಹೆಗಲಿಗೆ ಅವರ ದೃಷ್ಟಿ ಒಮ್ಮೆ ಹಾದುಹೋಯಿತೆಂದರೆ ಎದೆ, ತೋಳು, ಕೊರಳು, ನಾವು ಉಸಿರು ಬಿಗಿಹಿಡಿದು ಒಳಗೆಳೆದುಕೊಂಡ ಹೊಟ್ಟೆ, ಸಕಲವೂ ಬಯಲಾದಂತೆಯೇ. ಕೊರಳಲ್ಲಿ ಸದಾ ಟೇಪು ಜೋತಾಡುತ್ತಿರುತ್ತದೆ. ಅದನ್ನು ಶಿಷ್ಯೆಯರಿಗೆ ಕಲಿಸಲು ಬಳಸಿದರೇ ಹೊರತು ತಮಗಾಗಿ ಬಳಸಿದ್ದನ್ನು ಕಂಡವರಿಲ್ಲ. ನಮ್ಮ ಮೊದಲ ಭೇಟಿಯಲ್ಲಿ, "ನೆಟ್ಟಗ ನೋಡ್ರಿ ಮಾಸ್ತರ" ಎಂದರು. ಯಾವ ಮಾತಿಗೂ ಅದು ಅವರ ಪೀಠಿಕೆ. ನೆಟ್ಟಗೆ ನೋಡಿದೆ. "ನಿಮ್ಮ ಎಡಗೈ ಅರ್ಧ ಇಂಚು ಉದ್ದ ಐತ್ರಿ. ಯಾರೂ ಹೇಳಿಲ್ಲೇನು?" ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗುವವರೆಗೆ ಆ ಕೈಯನ್ನು ಬೀಸಿಕೊಂಡು ತಿರುಗಿದ್ದೆ, ಒಬ್ಬರೂ ಹೇಳಿರಲಿಲ್ಲ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅಳೆದೆ. ಶಿವನೇ, ಅರ್ಧ ಇಂಚೇ!

ಸವಣೂರಿನವರಾದ ಈ ಹೊಲಿಗೆಯ ಅಕ್ಕೋರು ಸೋಮವಾರ ಸವಣೂರು, ಮಂಗಳವಾರ ಶಿಗ್ಗಾಂವಿ, ಬುಧವಾರ ಹಾನಗಲ್ಲ, ಗುರುವಾರ ಹಿರೇಕೆರೂರ ಎಂದು ವಾರವನ್ನು ಹಂಚಿಕೊಂಡು, ಮೂವತ್ತೊಂದು ವರ್ಷ ನಾಲ್ಕೂ ಊರುಗಳ ಹೆಣ್ಣುಮಕ್ಕಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದರು. ನಡಿಗೆ ಚಿಕ್ಕ ಚಿಕ್ಕ ಹೆಜ್ಜೆಗಳದು, ಬಲು ಬಿರುಸಿನದು. ನೆಲದ ಮೇಲೂ ಮಷೀನು ತುಳಿಯುತ್ತಿದ್ದಾರೇನೋ ಅನ್ನಿಸುತ್ತದೆ. ಸೀರೆಯ ಮೇಲೆ, ಬೇಸಿಗೆ ಚಳಿಗಾಲಗಳ ಹಂಗಿಲ್ಲದೆ, ಒಂದು ಖಾಕಿ ಕೋಟು. ಯಲವಿಗಿ ಸ್ಟೇಷನ್ನಿನಲ್ಲಿ ಗ್ಯಾಂಗಮನ್ ಆಗಿದ್ದ ಯಜಮಾನರು ಕರೀಮಸಾಬರು ನಿವೃತ್ತಿಯ ದಿನ ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದರಂತೆ. ಮರುದಿನವೇ ಇವರು ಗೂಟದಿಂದ ಇಳಿಸಿ, ಹೆಗಲು ಕಿರಿದುಮಾಡಿ, ಒಳಗೆ ಒಂಬತ್ತು ಕಿಸೆಗಳನ್ನು ಹೊಲಿದು, ಒಂದರಲ್ಲಿ ಸೂಜಿ, ಒಂದರಲ್ಲಿ ಬಾಬಿನ್ನು, ಒಂದರಲ್ಲಿ ಸೀಮೆಸುಣ್ಣ, ಮತ್ತೊಂದರಲ್ಲಿ ಉಣ್ಣದೆ ಬಂದ ಹುಡುಗಿಯರಿಗೆ ಮೆಲ್ಲಲೆಂದು ಸವಣೂರ ಖಾರದ ಪೊಟ್ಟಣ ಇಟ್ಟುಕೊಂಡು ಬಸ್ಸು ಹತ್ತಿದರು. ಉಳಿದ ಐದರಲ್ಲಿ ಏನಿದೆಯೆಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ಅವರ ಒಂದು ಹಟ ಮಾತ್ರ ನಾಲ್ಕು ತಾಲೂಕಿಗೂ ಗೊತ್ತು. ಹೊಲಿಗೆ ತಪ್ಪಿದರೆ ಬಿಚ್ಚಬೇಕು. ಒಳಗಡೆಯದು, ಕಾಣುವುದಿಲ್ಲ, ಉಟ್ಟವರಿಗೂ ತಿಳಿಯುವುದಿಲ್ಲ ಎಂಬ ಯಾವ ವಾದವೂ ನಡೆಯುತ್ತಿರಲಿಲ್ಲ. ಆದರೆ ಬಿಚ್ಚೆಂದು ಹೇಳಿ ಎದ್ದುಹೋದದ್ದೂ ಇಲ್ಲ. ಬಸ್ಸಿನ ಹೊತ್ತು ಮೀರಿದರೂ ಸರಿ, ಅಳುವ ಹುಡುಗಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, "ಬಿಚ್ಚವಾ, ನಾ ಕುಂತಿರ್ತೇನಿ" ಎನ್ನುತ್ತಿದ್ದರು. ಅಷ್ಟೇ ಮಾತು. ಇವತ್ತು ಮೊಮ್ಮಕ್ಕಳನ್ನು ಕಂಡ ಶಿಷ್ಯೆಯರೂ ಆ ಮಾತನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ.

ಅಂಥ ಗೌಸಬಿಯವರ ಮನೆಯ ಅಟ್ಟದ ಮೇಲೆ ಬಾಯಿ ಹೊಲಿದ ಒಂದು ಗೋಣಿಚೀಲವಿತ್ತು. ಅದರ ಸಂಗತಿ ಊರಿಗೆಲ್ಲ ತಿಳಿದಿತ್ತು; ಅವರೆದುರು ಆ ಮಾತು ಎತ್ತುವವರು ಇರಲಿಲ್ಲ. ಎಂಟು ವರ್ಷದ ಹಿಂದೆ ಒಬ್ಬಳೇ ಮಗಳು ಇರಮಳ ಲಗ್ನ ನಿಶ್ಚಯವಾಗಿತ್ತು. ಬಂದವರಿಗೆ ಒಂದೊಂದು ಕೊಡಬೇಕೆಂದು, ಭಾಂಡೆ ಅಂಗಡಿಯಲ್ಲಿ ಕಣ್ಣಳತೆಯಿಂದಲೇ ಆರಿಸಿ, ಇನ್ನೂರೈವತ್ತು ಸ್ಟೀಲಿನ ವಾಟಗಾಗಳ, ಎಂದರೆ ಬಟ್ಟಲುಗಳ, ತಳದಲ್ಲಿ 'ಇರಮ, 14-5-2017' ಎಂದು ಹೆಸರು ಹಾಕಿಸಿ ತಂದಿದ್ದರು. ನಾಲ್ಕು ದಿನ ಉಳಿದಿರುವಾಗ ಹುಡುಗನ ಕಡೆಯವರು ಒಲ್ಲೆವೆಂದು ಹೇಳಿಕಳಿಸಿದರು. ಕಾರಣವನ್ನು ಅವರು ಹೇಳಲಿಲ್ಲ. ಊರು ಹೇಳಿತು, ಒಂದಲ್ಲ, ಹದಿನಾಲ್ಕು. ಆ ಸಂಜೆ ಗೌಸಬಿಯವರು ವಾಟಗಾಗಳನ್ನೆಲ್ಲ ಚೀಲಕ್ಕೆ ತುಂಬಿ, ದಬ್ಬಣ ಹಿಡಿದು, ಮೂರೆಳೆ ದಾರದಲ್ಲಿ ಅದರ ಬಾಯಿ ಹೊಲಿದು ಅಟ್ಟಕ್ಕೇರಿಸಿದರು. ಮರುದಿನ ಗುರುವಾರ, ಕೋಟು ಹಾಕಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದರು. "ಲಗ್ನದ ತಯಾರಿ ಎಲ್ಲಿಗೆ ಬಂತ್ರಿ ಅಕ್ಕೋರ?" ಎಂದು ಕೇಳಿದವರಿಗೆ "ನಿಂತೈತಿ" ಎಂದು ಉತ್ತರಿಸಿ, ತರಗತಿಯಲ್ಲಿ ಕಾಲರು ಕೂರಿಸುವ ಪಾಠ ಮಾಡಿದರು. ನಾನಾಗಿದ್ದರೆ ಒಂದು ತಿಂಗಳು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಕಳೆದ ವರ್ಷ ಅವರು ಕಲಿಸುವುದನ್ನು ನಿಲ್ಲಿಸುತ್ತೇನೆಂದಾಗ ಅರವತ್ತನಾಲ್ಕು ಶಿಷ್ಯೆಯರು ಸೇರಿ ಶಾಲು, ಹಾರ, ಫಲತಾಂಬೂಲವೆಂದು ಹೊರಟರು. ಗೌಸಬಿಯವರು ಕೈಯೆತ್ತಿ ತಡೆದರು. "ಶಾಲು ನಾನs ಹೊಲಿತೇನಿ. ನೀವು ಒಬ್ಬೊಬ್ಬಾಕಿ ನಿಮಗ ಭಾಳ ಸೇರೂ ಅಡಿಗಿ ಒಂದೊಂದು ಬರದ ಕೊಡ್ರಿ. ಪುಸ್ತಕ ಮಾಡೂಣು. ನನಗ ಚಹಾ ಬಿಟ್ಟು ಏನೂ ಬರೂದಿಲ್ಲ, ಇನ್ನ ಮ್ಯಾಲೆ ಕಲಿಬೇಕಲ್ಲ?" ಹೀಗೆ ಹಾನಗಲ್ಲಿನ ಉದುರುಬ್ಯಾಳಿ, ಶಿಗ್ಗಾಂವಿಯ ಎಣ್ಣೆಗಾಯಿ, ಬಂಕಾಪುರದ ಚೋಂಗೆ, ಹಿರೇಕೆರೂರಿನ ಮಾದ್ಲಿ, ಎಲ್ಲವೂ ನೋಟಬುಕ್ಕಿನ ಹಾಳೆಗಳಲ್ಲಿ, ಮಕ್ಕಳ ಪಾಟಿಯ ಮೇಲೆ, ಒಮ್ಮೆ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬಂದು ಸೇರಿದವು. ತಿದ್ದುವ ಕೆಲಸ ನನ್ನದಾಯಿತು. ಒಬ್ಬಳು 'ನಮ್ಮತ್ತಿಯ ಹಿರೇ ವಾಟಗಾ' ಎಂದರೆ ಇನ್ನೊಬ್ಬಳು 'ಚಹಾದ ಪ್ಯಾಲಿ', ಮತ್ತೊಬ್ಬಳು 'ಕೂಸಿಗೆ ಉಣಿಸೂ ಬಟ್ಟಲಾ' ಎಂದು ಬರೆದಿದ್ದಳು. ಇದೇನು ಅಪಭ್ರಂಶವೆಂದು ಎಲ್ಲವನ್ನೂ ಹೊಡೆದುಹಾಕಿ, ಪುಸ್ತಕದುದ್ದಕ್ಕೂ ಏಕರೂಪವಾಗಿ 'ವಾಟಗಾ' ಎಂದು ತಿದ್ದಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಚ್ಚಿಗೆ ಕೊಡುವ ಮೊದಲು ಗೌಸಬಿಯವರು ಒಂದು ಪರೀಕ್ಷೆ ಇಟ್ಟರು. ಒಬ್ಬಳ ಅಡಿಗೆಯನ್ನು ಇನ್ನೊಂದು ಊರಿನವಳು ಬರಹ ನೋಡಿಯೇ ಮಾಡಿ ಶಿಗ್ಗಾಂವಿಯ ಹೊಲಿಗೆ ಕೇಂದ್ರಕ್ಕೆ ತರಬೇಕು. ಹಿರೇಕೆರೂರಿನ ತಿಪ್ಪವ್ವನ ಮಾದ್ಲಿ ಬಂಕಾಪುರದ ಗುಲ್ನಾರಳ ಪಾಲಿಗೆ ಬಂತು. ಬೆಲ್ಲ ಬೆರೆಸಿದ ಗೋಧಿಯ ಸಿಹಿಪುಡಿ ಅದು: ಅರ್ಧ ಕಿಲೋ ಗೋಧಿ, ಎರಡು ವಾಟಗಾ ಬೆಲ್ಲ. ತಿಪ್ಪವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡವಳೇ ಹಣೆ ಗಂಟಿಕ್ಕಿದಳು.

"ಇದು ನನ್ನ ಮಾದ್ಲಿ ಅಲ್ಲ. ಉಸುಕು ತಿಂದಂಗ ಆಗಾಕತ್ತೈತಿ."

"ನೀ ಬರದಂಗs ಮಾಡೇನಿ, ಅಕ್ಕಾ. ಬರಿಯೂಮುಂದ ಏನರ ಮುಚ್ಚಿಟ್ಟಿದ್ರ ನಾ ಏನ ಮಾಡ್ಲಿ?"

ಮುಚ್ಚಿಟ್ಟೆ ಎಂಬ ಮಾತು ಬಿದ್ದದ್ದೇ ತಡ, ಹೊತ್ತಿಕೊಂಡಿತು. ಒಬ್ಬರೇ ಅಕ್ಕೋರ ಹತ್ತಿರ ಕತ್ತರಿ ಹಿಡಿಯಲು ಕಲಿತವರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳಿತರು. ಊರೂರಿನವರು ಬೇರೆ ಬೇರೆ ಗುಂಪಾದರು. ನಾಲ್ಕಾರು ಜನ ತಮ್ಮ ಹಾಳೆಗಳನ್ನು ಹಿಂದಕ್ಕೆ ಕೇಳಿದರು. ಪುಸ್ತಕವಷ್ಟೇ ಅಲ್ಲ, ಗೌಸಬಿಯವರು ಬಸ್ಸಿನಲ್ಲಿ ಓಡಾಡಿ ಕಟ್ಟಿದ ಬಳಗವೇ ಒಂದು ಡಬ್ಬಿ ಮಾದ್ಲಿಯ ನೆವದಿಂದ ಹರಿದುಹೋಗುವಂತಿತ್ತು.

ಗೌಸಬಿಯವರು ದನಿ ಏರಿಸಲಿಲ್ಲ. "ನೆಟ್ಟಗ ನೋಡ್ರಿ. ನಾಳೆ ಎಲ್ಲಾರೂ ನೀವು ಅಳದ ವಾಟಗಾ ತಗೊಂಡ ಬರ್ರಿ" ಎಂದರು. ಮರುದಿನ ಜಮಖಾನೆಯ ಮೇಲೆ ಅರವತ್ತನಾಲ್ಕು ಪಾತ್ರೆಗಳು ಸಾಲಾಗಿ ಕುಳಿತವು. ತಿಪ್ಪವ್ವನ ವಾಟಗಾಕ್ಕೆ ನೀರು ತುಂಬಿ ಗುಲ್ನಾರಳದಕ್ಕೆ ಸುರಿದರು. ಅದು ತುಂಬಿತು, ತುಳುಕಿತು, ಜಮಖಾನೆ ತೊಯ್ದಿತು, ತಿಪ್ಪವ್ವನದರಲ್ಲಿ ಇನ್ನೂ ಅರ್ಧ ನೀರಿತ್ತು. ಇಬ್ಬರೂ ಬಾಯ ಮೇಲೆ ಕೈಯಿಟ್ಟುಕೊಂಡರು. "ನಾ ಹಿರೇ ವಾಟಗಾ ಅಂತ ಬರದಿದ್ದೆ ನೋಡ್ರಿ" ಎಂದು ತಿಪ್ಪವ್ವ ಸಣ್ಣಗೆ ಹೇಳಿದಳು. ಆ 'ಹಿರೇ'ಯನ್ನು ಹೊಡೆದುಹಾಕಿದವನು ನಾನೇ. ಎದ್ದು ನಿಂತು, ತಪ್ಪು ನನ್ನದೆಂದು ಒಪ್ಪಿಕೊಂಡೆ. ಗೌಸಬಿಯವರು ನನ್ನ ಹೆಗಲನ್ನೊಮ್ಮೆ ನೋಡಿ, "ಬಿಚ್ಚೂಣು ಮಾಸ್ತರ, ನಾವೆಲ್ಲಾ ಕುಂತೇವಿ" ಎಂದರು. ಆ ಕ್ಷಣ ನಾನೂ ಅವರ ಶಿಷ್ಯನಾದೆ.

ಆದರೆ ಬಿಚ್ಚಿ ಹೊಲಿಯುವುದು ಯಾವ ಅಳತೆಗೆ? ಗ್ರಾಮಿನಲ್ಲಿ ಬರೆಯಿರಿ ಎಂದೆ. "ತಕ್ಕಡಿ ಮುಂದಿಟಗೊಂಡು ಯಾರು ಅಡಿಗಿ ಮಾಡ್ತಾರ್ರಿ?" ಎಂದು ನಕ್ಕರು. ಶಿಗ್ಗಾಂವಿಯ ಸುನಿತಾ, "ಭಾಂಡೆ ಅಂಗಡ್ಯಾಗ ಒಂದs ನಮೂನಿ ವಾಟಗಾ ತಗೊಂಡು ಪುಸ್ತಕದ ಕೂಡ ಎಲ್ಲಾರಿಗೂ ಒಂದೊಂದು ಕೊಟ್ರಾತು" ಎಂದಳು. ಎಲ್ಲರೂ ಹೌದೆಂದರು. ಗೌಸಬಿಯವರು ಮಾತ್ರ ಕೊರಳ ಟೇಪಿನ ಎರಡೂ ತುದಿ ಹಿಡಿದು ಎಳೆದು ಸರಿಸಮ ಮಾಡಿಕೊಂಡರು. ಆಮೇಲೆ, "ಅಂಗಡಿಗೆ ಹೋಗೂದು ಬ್ಯಾಡ. ಒಂದs ಅಳತಿವು ನಮ್ಮನ್ಯಾಗ ಅದಾವು" ಎಂದರು. ಯಾವುವೆಂದು ಕೇಳುವ ಅಗತ್ಯವೇ ಇರಲಿಲ್ಲ.

ಹೊರಲು ನೆರವಾಗಲೆಂದು ನಾನೂ ಸುನಿತಾಳೂ ಸವಣೂರಿಗೆ ಹೋದೆವು. ಚೀಲ ಅಟ್ಟದಿಂದ ಇಳಿದು ಪಡಸಾಲೆಗೆ ಬಂತು. ಗೌಸಬಿಯವರು ಅದರ ಮುಂದೆ ಕುಳಿತರು. ಸೂಜಿಯ ಮೊನೆ ಹೊಲಿಗೆಯವರೆಗೆ ಹೋಗಿ ನಿಂತಿತು. ಮತ್ತೆ ಹೋಗಿ ನಿಂತಿತು. ನಾಲ್ಕು ತಾಲೂಕಿಗೆ ಬಿಚ್ಚುವುದನ್ನು ಕಲಿಸಿದ ಕೈಗೆ ಮೊದಲ ಎಳೆ ಎತ್ತಲಾಗಲಿಲ್ಲ. ಮಗಳ ಮುರಿದ ಲಗ್ನವನ್ನು ತಾನೇ ಮನೆಮನೆಗೆ ಹಂಚಿದಂತಾಗುತ್ತದಲ್ಲ ಎಂಬುದು ಅವರ ಮುಖದ ಮೇಲೆಯೇ ಬರೆದಿತ್ತು. ಅಷ್ಟರಲ್ಲಿ ಇರಮ ಬಂದಳು. ಬಂಕಾಪುರದ ಶಾಲೆಯಲ್ಲಿ ಗಣಿತ ಕಲಿಸುವ ಆಕೆ ಸಂಜೆಯ ಬಸ್ಸಿಗೆ ಬಂದವಳು ಬಾಗಿಲಲ್ಲೇ ನಿಂತು ಚೀಲವನ್ನು ನೋಡಿದಳು, ತಾಯಿಯನ್ನು ನೋಡಿದಳು. ಬ್ಯಾಗನ್ನು ಕೆಳಗಿಟ್ಟು, ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಳು.

"ಬಿಚ್ಚ ಅಮ್ಮಿ. ನಾ ಕುಂತಿರ್ತೇನಿ."

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅಳು ತಡೆಯಲಾಗಲಿಲ್ಲ, ಹೇಳಲು ನಾಚಿಕೆಯೇನು? ಸುನಿತಾ ಕತ್ತರಿ ಚಾಚಿದರೂ ಮುಟ್ಟದೆ, ಗೌಸಬಿಯವರು ಒಂದೊಂದೇ ಹೊಲಿಗೆ ಎತ್ತಿ, ಮೂರೆಳೆ ದಾರವನ್ನು ಹರಿಯದಂತೆ ಬೆರಳಿಗೆ ಸುತ್ತಿ, ಕೋಟಿನ ಒಂದು ಕಿಸೆಗೆ ಹಾಕಿಕೊಂಡರು. ವಾಟಗಾಗಳು ಹೊಸದಾಗಿಯೇ ಇದ್ದವು. ತಾರೀಖನ್ನಾದರೂ ಉಜ್ಜಿ ಅಳಿಸೋಣವೇ ಎಂದು ಸುನಿತಾ ಮೆಲ್ಲಗೆ ಕೇಳಿದಳು.

"ಇರಲಿ ಬಿಡ್ರಿ ಅಕ್ಕಾ" ಎಂದಳು ಇರಮ, ಒಂದನ್ನು ಸೆರಗಿನಿಂದ ಒರೆಸುತ್ತ. "ಆ ದಿನ ಏನೂ ಆಗ್ಲಿಲ್ಲ. ಇನ್ನ ಮ್ಯಾಲೆ ಏನರ ಆಗಲಿ."

ಅರವತ್ತನಾಲ್ಕು ಜನರೂ ತಂತಮ್ಮ ಅಡಿಗೆಯನ್ನು ಆ ವಾಟಗಾದಲ್ಲೇ ಮತ್ತೆ ಅಳೆದು ಬರೆದುಕೊಟ್ಟರು. ಪುಸ್ತಕದ ಮೊದಲ ಪುಟದಲ್ಲಿ ಈಗ ಒಂದೇ ಸಾಲು ಇದೆ: ಇಲ್ಲಿ ವಾಟಗಾ ಎಂದರೆ ಇದರ ಜೊತೆ ಬಂದ ವಾಟಗಾ. ಬರೆದವನು ನಾನು. ಆದರೆ ಹೆಂಗಸರು ನನ್ನ ಸಾಲಿಗೆ ಕಾಯಲಿಲ್ಲ. ಮೊನ್ನೆ ಹಿರೇಕೆರೂರಿಗೆ ಹೋದಾಗ ತಿಪ್ಪವ್ವನ ಮನೆಯಲ್ಲಿ ಮಾದ್ಲಿ ನಡೆದಿತ್ತು. ಹೊಸದಾಗಿ ಬಂದ ಸೊಸೆ ಒಳಗಿನಿಂದ ಕೂಗಿದಳು: "ಅತ್ತಿ, ಬೆಲ್ಲ ಎರಡು ಇರಮ ಹಾಕ್ಲ್ಯೋ, ಎರಡೂವರಿ ಇರಮ ಹಾಕ್ಲ್ಯೋ?" ಅದು ಒಬ್ಬ ಹುಡುಗಿಯ ಹೆಸರೆಂಬುದು ಆಕೆಗೆ ತಿಳಿದೇ ಇರಲಿಲ್ಲ. ತಿಪ್ಪವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಎರಡs ಸಾಕವಾ" ಎಂದಳು.

ಮತ್ತೊಬ್ಬರ ಓರೆಕೋರೆಯನ್ನು ಇಂಚಿನಲ್ಲಿ ಹೇಳುವ ಕಣ್ಣುಗಳಿಗೆ ಲೋಕದಲ್ಲಿ ಬರವಿಲ್ಲ. ತಮ್ಮ ಅಟ್ಟದ ಮೇಲೆ ತಾವೇ ಹೊಲಿದಿಟ್ಟದ್ದನ್ನು ಇಳಿಸಿ, ಒಂದೊಂದೇ ಹೊಲಿಗೆ ಬಿಚ್ಚಿ, ಇದರಲ್ಲೇ ಅಳೆದುಕೊಳ್ಳಿ ಎಂದು ಹತ್ತು ಜನರ ಮುಂದಿಡುವವರು ಊರಿಗೊಬ್ಬರು ಸಿಕ್ಕರೆ ಆ ಊರಿನ ಪುಣ್ಯ. ಅಂಥವರ ಅಳತೆಯಲ್ಲೇ ಉಳಿದ ನಾವೆಲ್ಲ ಹದವಾಗಿ ಉಣ್ಣುತ್ತೇವೆ. ಉಂಡು, ತಳದಲ್ಲಿ ಯಾರ ಹೆಸರಿದೆಯೆಂದು ನೋಡದೆಯೇ, ತೊಳೆದು ಬೋರಲು ಹಾಕುತ್ತೇವೆ.