ಕಸ್ತೂರಿಯ ಹನ್ನೆರಡು ಹಾಡು

ನನ್ನ ಎರಡೂ ಚಕ್ರಗಳ ಮೇಲಾಣೆ, ಹೇಳುವುದೆಲ್ಲ ನಡೆದದ್ದೇ. ಒಂದು ಮಾತು ಸುಳ್ಳಾದರೂ ನನ್ನ ರೀಲು ಈಗಲೇ ತುಂಡಾಗಲಿ.

ನಾನು ಒಂದು ಕ್ಯಾಸೆಟ್. ಹುಟ್ಟಿದಾಗ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬಾಯಿ ಬಂದದ್ದು ರಾಣೆಬೆನ್ನೂರಿನ ಮೌನೇಶಪ್ಪನ ರೆಕಾರ್ಡಿಂಗ್ ಅಂಗಡಿಯಲ್ಲಿ. ಆಗೆಲ್ಲ ಬೇಕಾದ ಹಾಡುಗಳ ಚೀಟಿ ಕೊಟ್ಟರೆ, ಅವನು ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ನನ್ನ ಚೀಟಿ ಬರೆದವಳು ಸೀರೆಗೆ ಜಂಪರು ಹೊಲಿಯುವ ಹುಡುಗಿ ಕಸ್ತೂರಿ. ಆ ವರ್ಷ ಊರೆಲ್ಲ ಗುನುಗುತ್ತಿದ್ದ ಹನ್ನೆರಡು ಸಿನಿಮಾ ಹಾಡು. ಯಾವುದರ ಹಿಂದೆ ಯಾವುದು ಎಂದು ಮೂರು ದಿನ ತಲೆ ಕೆಡಿಸಿಕೊಂಡಿದ್ದಳು.

ಮೌನೇಶಪ್ಪ ಒಂದು ಮಗ್ಗುಲಿಗೆ ಆರು ಹಾಡು ತುರುಕಿದ. ಆರನೆಯದು ಮುಗಿಯುವ ಮೊದಲೇ ರೀಲು ಮುಗಿಯಿತು. ಮರುದಿನ ಕಸ್ತೂರಿ ಸೊಂಟಕ್ಕೆ ಕೈಯಿಟ್ಟು ಬಂದಳು.

“ಏನ್ ಮೌನೇಶಣ್ಣಾ, ಹಾಡೋಕಿ ಬಾಯಿ ತಗದಾಳ, ಅಷ್ಟರಾಗ ಟಕ್ ಅಂತ ನಿಂತಬಿಡ್ತಾಳ!”

“ಉಳಿದದ್ದು ನೀನ ಹಾಡವಾ. ನಿನ್ನ ದನಿ ಏನ್ ಕಡಿಮಿ ಐತಿ?”

ಅವಳು ಹಾಗೇ ಮಾಡಿದಳು. ನಾನು ಟಕ್ ಎಂದೊಡನೆ ಉಳಿದದ್ದನ್ನು ತಾನು ಹಾಡಿ ಮುಗಿಸಿ, ನನ್ನ ಮಗ್ಗುಲು ಬದಲಿಸುತ್ತಿದ್ದಳು. ದಿನಕ್ಕೆ ಹತ್ತು ಸಲ ಬಾಯಿ ತೆರೆದು ಅರ್ಧಕ್ಕೇ ನಿಲ್ಲುವ ಕರ್ಮ ಯಾರಿಗೂ ಬೇಡ.

ಆದರೂ ಏನು ಕಾಲವದು! ನನ್ನ ಹಾಡಿಗೆ ಅವಳ ಮಷೀನು ಒಮ್ಮೆ ಅವಳು ಕಾಲಿಡದೆಯೇ ಎರಡು ಜಂಪರು ಹೊಲಿದು ಮುಗಿಸಿತು. ಹರಿಹರದ ಬಸ್ಸು ಕಿಟಕಿಯ ಮುಂದೆ ನಿಂತು ಎರಡು ಹಾಡು ಕೇಳಿಯೇ ಹೋಗುತ್ತಿತ್ತು. ಒಂದು ದಿನ ಪ್ಲೇಯರ್ ನನ್ನ ರೀಲು ಜಗಿದು ಉಗುಳಿತು. ತುದಿ ಎಮ್ಮೆಯ ಕೊಂಬಿಗೆ ಸಿಕ್ಕು ತುಂಗಭದ್ರೆಯ ತನಕ ಹೋಯಿತು. ಕಸ್ತೂರಿ ನನ್ನ ತೂತಿಗೆ ಪೆನ್ನು ತೂರಿಸಿ ಸುತ್ತಿದಳು, ಸುತ್ತಿದಳು. ರೀಲಿನ ಜೊತೆ ಎಮ್ಮೆಯೂ ವಾಪಸು ಬಂತು.

ಆಮೇಲೆ ಅವಳ ಅಣ್ಣ ಹನುಮಂತ ನನ್ನನ್ನು ತನ್ನ ಟೆಂಪೊಗೆ ಒಯ್ದು ಗಾಜಿನ ಹಿಂದೆ ಬಿಸಿಲಿಗೆ ಬಿಟ್ಟ. ನನ್ನ ಬೆನ್ನು ಬಾಗಿತು. ಹಾಡುವವಳ ದನಿ ಗಂಡಸಿನದಾಯಿತು. ಕಸ್ತೂರಿ ಜಗಳವಾಡಿ ಕಸಿದುಕೊಂಡು ಬರುವಷ್ಟರಲ್ಲಿ ಅವಳ ಪ್ಲೇಯರೂ ಕೆಟ್ಟಿತ್ತು. ನನ್ನನ್ನು ಗುಂಡಿಗಳ ಡಬ್ಬಿಗೆ ಹಾಕಿದಳು. ನಾನು ಹಾಡದೆ ಹದಿನೆಂಟು ವರ್ಷವಾಯಿತು.

ಮೊನ್ನೆ ಅವಳ ಮಗಳು ಚೈತ್ರಾ ಫೋನು ಹಿಡಿದು ಬಂದಳು. “ಯವ್ವಾ, ನಿನ್ನ ಹನ್ನೆರಡೂ ಹಾಡು ಇದರಾಗ ಅದಾವ. ಪೂರ್ತಿ!”

ಮೊದಲ ಹಾಡು ಮುಗಿಯಿತು. ಕಸ್ತೂರಿ ಎರಡನೆಯದರ ಸಾಲು ಹಿಡಿದಳು. ಫೋನು ಹಲ್ಲುಜ್ಜುವ ಪೇಸ್ಟು ಮಾರಿ, ಒಂಬತ್ತನೆಯ ಹಾಡಿಗೆ ಹಾರಿತು. ಡಬ್ಬಿಯೊಳಗೆ ನನ್ನ ಮೈ ಉರಿದುಹೋಯಿತು.

“ಇದರ ಹಿಂದ ಅದು ಬರಬೇಕಲ್ಲ?” ಎಂದಳು ಕಸ್ತೂರಿ.

“ಯಾವುದಂತ ಹೆಸರು ಹೇಳಬೇ, ಹಾಕ್ತೀನಿ.”

“ಹೇಳಿ ಕರಸೋದಲ್ಲಲೇ. ತಾನ ಬರಬೇಕು!”

ಕೊನೆಗೆ ಆ ಆರನೆಯ ಹಾಡು ಬಂತು. ಕಸ್ತೂರಿ ತನ್ನ ಜಾಗಕ್ಕೆ ಸರಿಯಾಗಿ ಬಾಯಿ ತೆರೆದಳು. ಫೋನಿನವಳು ನಿಲ್ಲಲೇ ಇಲ್ಲ, ತಾನೇ ಹಾಡಿ ಮುಗಿಸಿದಳು. ಕಸ್ತೂರಿ ಬಾಯಿ ಮುಚ್ಚಿಕೊಂಡಳು.

“ಇದರಾಗ ನನಗ ಜಾಗಾನ ಇಲ್ಲ ಬಿಡವಾ,” ಎಂದು ಫೋನು ವಾಪಸು ಕೊಟ್ಟಳು.

ಅಂದಿನಿಂದ ಬಂದವರಿಗೆಲ್ಲ ಒಂದೇ ಮಾತು: “ಕ್ಯಾಸೆಟ್ ಹಾಡಸೋ ಡಬ್ಬಿ ಐತೇನ್ರಿ? ಇದ್ರ ನಿಮ್ಮ ಜಂಪರು ಇವತ್ತ ಸಂಜಿಕ ಕೊಡ್ತೀನಿ.” ಮೂವರು ತಂದರು. ಒಂದರ ಬೆಲ್ಟು ಕರಗಿ ಅಂಟಾಗಿತ್ತು. ಇನ್ನೊಂದರೊಳಗೆ ಇಲಿ ಮರಿ ಹಾಕಿತ್ತು. ಮೂರನೆಯದು ಬರೀ ರೇಡಿಯೊ. ಮೂರು ಸಲವೂ ನಾನು ಡಬ್ಬಿಯಿಂದ ಎದ್ದು ಗಂಟಲು ಸರಿಮಾಡಿಕೊಂಡು, ಮತ್ತೆ ಹೋಗಿ ಗುಂಡಿಗಳ ನಡುವೆ ಮಲಗಿದೆ.

ನನ್ನ ರೀಲು ಒಣಗಿದೆ. ಇನ್ನೊಂದು ಸಲ ಹಾಡಿದರೆ ಹೆಚ್ಚು. ಆ ಒಂದು ಸಲ ಅವಳ ಜೊತೆ ಆಗಬೇಕು.

ಇಷ್ಟು ಹೊತ್ತು ಕೂತು ಕೇಳಿದಿರಲ್ಲ, ನಿಮ್ಮ ಅಟ್ಟದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿಟ್ಟದ್ದು ಏನದು? ಇಲ್ಲ ಅನ್ನಬೇಡಿ. ಧೂಳು ಒರೆಸಿ ತನ್ನಿ. ಬರುವಾಗ ದೊಡ್ಡ ಸೆಲ್ಲು ನಾಲ್ಕು ನೀವೇ ಹಿಡಿದು ಬನ್ನಿ.