ಎರಡು ಪಿನ್ನು, ಮೂರು ಪಿನ್ನು

ವಾಲರೂ ಎಂಬ ಬಂದರು ಊರಿನಲ್ಲಿ ಕಡಲಿಗೆ ಚಾಚಿದ ಜೆಟ್ಟಿ ನಡುವಿನಲ್ಲಿ ಬಗ್ಗಿದೆ ಎಂದು ಕ್ಲೆಮ್ ಟ್ರೆಂಬಾತ್‌ಗೆ ಕಂಡದ್ದು ಹೋದ ವರ್ಷದ ಬೇಸಿಗೆಯಲ್ಲಿ. ಬಟ್ಟೆ ಒಣಗಿಸಲು ಕಟ್ಟಿದ ಹಗ್ಗ ಜೋತುಬಿದ್ದಂತೆ ಕಾಣುತ್ತಿತ್ತು. ಅಷ್ಟುದ್ದದ ಜೆಟ್ಟಿಯನ್ನು ನೆಟ್ಟಗೆ ಇಟ್ಟುಕೊಳ್ಳಲಾಗದ ಪುರಸಭೆಯವರನ್ನು ಅವನು ಒಂದು ವಾರ ಬೈದ. ಆಮೇಲೆ ಅಂಗಳದ ಬೇಲಿಯೂ ಬಗ್ಗಿತು, ಬಾಗಿಲ ಚೌಕಟ್ಟೂ ಬಗ್ಗಿತು. ಬಗ್ಗಿದ್ದು ಊರಲ್ಲ ಎಂದು ಆಗ ಅವನಿಗೆ ಹೊಳೆಯಿತು.

ಈಗ ಅವನು ಯಾವುದನ್ನು ನೋಡಿದರೆ ಅದು ಮಾಯ. ನೋಟದ ನಟ್ಟನಡುವೆ ಒಂದು ಹಿಡಿ ಮಂಜು ಕೂತುಬಿಟ್ಟಿದೆ. ಸುತ್ತಲಿನದೆಲ್ಲ ಇದೆ: ಸಂಜೆಯ ಗುಲಾಬಿ ಆಕಾಶ, ಬಾರ್ಲಿ ತುಂಬಿದ ಎತ್ತರದ ಕಣಜಗಳು, ಅಲುಗಾಡದೆ ಮಲಗಿದ ಕೊಲ್ಲಿಯ ನೀರು. ಎದುರಿಗೆ ನಿಂತವರ ಮುಖ ಮಾತ್ರ ಇಲ್ಲ. ಒಮ್ಮೊಮ್ಮೆ ಅವನಿಗೆ ಅದು ಹಿತವೆನಿಸುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ಹಿತ್ತಿಲಿನ ತನ್ನ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಊರು ನಿದ್ದೆಯಲ್ಲಿ ಕಂಡಂತೆ ಅಂಚಿನಿಂದ ಒಳಕ್ಕೆ ತೇಲಿ ಬರುತ್ತಿತ್ತು.

ಕಣ್ಣಿನ ಡಾಕ್ಟರು ಕೊಟ್ಟ ಕಾಗದವನ್ನು ಅವನು ಶೆಡ್ಡಿನಲ್ಲಿ ಬಿಯರಿಗೆಂದು ತಂದ ಮಾಲ್ಟಿನ ಚೀಲದ ಕೆಳಗೆ ತುರುಕಿಟ್ಟಿದ್ದ. ಹೆಂಡತಿ ನೊರೀನ್‌ಗೆ ಹೇಳಿರಲಿಲ್ಲ. ಕಾರು ಓಡಿಸುವುದನ್ನು ಬಿಟ್ಟು, ಅದು ಪೆಟ್ರೋಲು ಕುಡಿಯುತ್ತದೆ ಎಂದು ಕಾರಿನ ಮೇಲೆಯೇ ತಪ್ಪು ಹೊರಿಸಿದ್ದ. ಅವನಿಗಿದ್ದ ಹೆದರಿಕೆ ಒಂದೇ, ಶೆಡ್ಡು ಕೈತಪ್ಪುತ್ತದೆ ಎಂಬುದು. ವಿಷಯ ತಿಳಿದರೆ ಮೊದಲು ಗ್ಯಾಸಿನ ಸಿಲಿಂಡರು ಹೋಗುತ್ತದೆ, ಆಮೇಲೆ ಬಿಯರ್ ಕುದಿಸುವ ಹಂಡೆ, ಕೊನೆಗೆ ಶೆಡ್ಡಿನ ಬೀಗದಕೈ. ಎಲ್ಲವನ್ನೂ ಅವನ ಒಳ್ಳೆಯದಕ್ಕೆಂದೇ ಕಿತ್ತುಕೊಳ್ಳುತ್ತಾರೆ, ಅದೇ ಅವನಿಗೆ ತಡೆಯಲಾಗದ ಸಂಗತಿ.

ಹಿತ್ತಿಲ ಗಲ್ಲಿಯ ಆಚೆ ಡೆನ್ಜಿಲ್‌ನ ಶೆಡ್ಡು. ಇಬ್ಬರೂ ಗೊಬ್ಬರದ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದವರು. ಕ್ಲೆಮ್ ಕಪ್ಪು ಬಿಯರು ಮಾಡುತ್ತಾನೆ, ಡೆನ್ಜಿಲ್ ತಿಳಿ ಬಿಯರು. ಇಪ್ಪತ್ತಾರು ವರ್ಷದಿಂದ ಒಂದು ಪದ್ಧತಿ: ಯಾರದ್ದು ಹದಕ್ಕೆ ಬಂದರೂ ತುಂಬಿದ ಒಂದು ಕೆಗ್ಗು, ಅಂದರೆ ಬಿಯರಿನ ಉಕ್ಕಿನ ಪೀಪಾಯಿ, ಕೈಗಾಡಿಯ ಮೇಲೆ ಗಲ್ಲಿ ದಾಟಿ ಹೋಗಬೇಕು, ಅದೇ ಗಾಡಿಯಲ್ಲಿ ಒಂದು ಖಾಲಿ ಕೆಗ್ಗು ವಾಪಸು ಬರಬೇಕು. ಜಗಳವಾಡಿ ಮಾತು ಬಿಟ್ಟ ಚಳಿಗಾಲದಲ್ಲೂ ಗಾಡಿ ಮಾತ್ರ ನಿಂತಿರಲಿಲ್ಲ. ಒಟ್ಟು ಹನ್ನೊಂದು ಕೆಗ್ಗು. ಯಾವುದು ಯಾರದೆಂದು ಆ ದೇವರಿಗೂ ಗೊತ್ತಿರಲಿಲ್ಲ.

ಅಂಥ ಡೆನ್ಜಿಲ್ ಗುರುವಾರ ಮಧ್ಯಾಹ್ನ ಗಾಡಿಯಲ್ಲಿ ಹೊಸ ಬಗೆಯ, ನೀಳವಾದ ಖಾಲಿ ಕೆಗ್ಗೊಂದನ್ನು ತಂದು ಇಳಿಸಿದ.

"ಏಳೋ ಮುದುಕಪ್ಪಾ, ಕಾಲ ಬದಲಾಯ್ತು. ಇದು ಬಾಲ್ ಲಾಕು ಕೆಗ್ಗು. ಪೈಪು ಒತ್ತಿದ್ರೆ ಕೂತ್ಕೊಳ್ಳುತ್ತೆ, ಅಷ್ಟೇ. ತಿರುಗಿಸೋದು ಪರದಾಡೋದು ಏನೂ ಇಲ್ಲ."

"ನಮ್ಮ ಹಳೇ ಪಿನ್ ಲಾಕು ಕೆಗ್ಗಿಗೆ ಏನಾಗಿದೆ?"

"ಸೋರುತ್ತೆ, ನಿನ್ನ ಹಾಗೇನೇ. ಒಳಗಿನ ವಾಲ್ವು ಎಲ್ಲೂ ಸಿಗ್ತಿಲ್ಲ ಕಣೋ. ಅಂಗಡಿಯವನು ನನ್ನ ಮುಖ ನೋಡಿ, ಮ್ಯೂಸಿಯಮ್ಮಲ್ಲಿ ಕೇಳಿ ಅಂದ! ಅಡಿಲೇಡಲ್ಲಿ ಒಬ್ಬ ಇಂಥ ಹೊಸ ಕೆಗ್ಗು ಒಂದು ಡಜನ್ ಇಟ್ಕೊಂಡಿದಾನೆ. ಭಾನುವಾರ ಹೇಳ್ತೀನಿ ಅಂದಿದೀನಿ."

"ನಂಗೆ ಬೇಡ."

"ನಿಂಗೆ ಬೇಡ ಅಂದ್ರೆ ನಂದು ನಾನು ತಗೋತೀನಿ."

"ಆಗ ಕೆಗ್ಗು ಗಲ್ಲಿ ದಾಟಲ್ಲ. ಇದರ ಪೈಪು ಅದಕ್ಕೆ ಹಿಡಿಯಲ್ಲ."

"ಅದಕ್ಕೇ ನೀನೂ ತಗೋ ಅಂತ ಬಡ್ಕೋತಿರೋದು, ಕತ್ತೆ," ಎಂದ ಡೆನ್ಜಿಲ್. ಪೈಪುಗಳನ್ನು ಬೆಂಚಿನ ಮೇಲಿಟ್ಟ. "ಇಟ್ಕೊಂಡು ನೋಡು. ಬೂದು ತಲೆ ಗ್ಯಾಸಿಗೆ, ಕಪ್ಪು ತಲೆ ಬಿಯರಿಗೆ. ಎಂಥ ಪೆದ್ದನೂ ಹಾಕ್ತಾನೆ."

ಬೂದು, ಕಪ್ಪು. ಕ್ಲೆಮ್‌ನ ಮಂಜಿನಲ್ಲಿ ಎರಡಕ್ಕೂ ಒಂದೇ ಬಣ್ಣವಿತ್ತು.

ಹಳೆಯ ಕೆಗ್ಗಿನ ಮಾತೇ ಬೇರೆ. ಅದರ ನೆತ್ತಿಯಲ್ಲಿ ಎರಡು ಮೂತಿ. ಬಿಯರನ್ನು ಹೊರದಬ್ಬುವ ಗ್ಯಾಸು ಒಳಹೋಗುವ ಮೂತಿಯ ಪಕ್ಕೆಗೆ ಎರಡು ಪಿನ್ನು, ಬಿಯರು ಹೊರಬರುವ ಮೂತಿಗೆ ಮೂರು. ಎರಡರ ಪೈಪು ಮೂರಕ್ಕೆ ಕೂರುವುದಿಲ್ಲ, ಮೂರರದು ಎರಡಕ್ಕೆ ಕೂರುವುದಿಲ್ಲ. ಕಣ್ಣು ಬೇಕಿಲ್ಲ, ಹೆಬ್ಬೆರಳು ಸಾಕು. ಎಷ್ಟೋ ರಾತ್ರಿ ಕನಸಿನಲ್ಲಿ ಕ್ಲೆಮ್ ಅವುಗಳನ್ನು ಎಣಿಸಿ, ಪೈಪು ಸಿಕ್ಕಿಸಿ, ಗ್ಲಾಸು ತುಂಬಿಸಿದ್ದ. ಕನಸಿನಲ್ಲಿ ಮಂಜು ಇರುತ್ತಿರಲಿಲ್ಲ. ಡೆನ್ಜಿಲ್‌ನ ಮುಖವೂ, ಅದರ ಮೇಲಿನ ಹಾಳು ನಗುವೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಶನಿವಾರ ಅವನು ಬಾಗಿಲು ಮುಂದೆ ಮಾಡಿಕೊಂಡು ಹೊಸ ಕೆಗ್ಗಿನ ಮುಂದೆ ಕೂತ. ಬೆರಳಾಡಿಸಿದ. ಎರಡು ಮೂತಿಯೂ ದುಂಡಗೆ, ನುಣ್ಣಗೆ, ಅವಳಿ ಮಕ್ಕಳ ಹಾಗಿದ್ದವು. ನಲವತ್ತು ವರ್ಷ ಆಸಿಡ್ ಮುಟ್ಟಿ ದಪ್ಪಗಾದ ಬೆರಳಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಗೋಡೆಯ ಕಡೆ ನೋಡುತ್ತ, ಕಡೆಗಣ್ಣಿನಲ್ಲಿ ಪೈಪುಗಳನ್ನು ಹಿಡಿಯಲು ನೋಡಿದ. ಇದು ಬೂದು ಇರಬೇಕು. ಇದು ಗ್ಯಾಸಿನದಿರಬೇಕು. ಒತ್ತಿದ. ಬಿಗಿಯಾಗಿತ್ತು. ಹೊಸದಲ್ಲವೇ, ಬಿಗಿ ಇದ್ದೀತು ಎಂದುಕೊಂಡು ಮೈಭಾರವೆಲ್ಲ ಹಾಕಿದ. ಟಕ್ಕೆಂದು ಕೂತಿತು. ಮತ್ತೆ ಮೇಲೇಳಲೇ ಇಲ್ಲ. ಎಳೆದ, ಬಿಸಿನೀರು ಹೊಯ್ದ, ಸುತ್ತಿಗೆಯ ಹಿಡಿಯಿಂದ ಕುಟ್ಟಿದ, ತನ್ನ ಏಳು ತಲೆಮಾರನ್ನು ಬೈದುಕೊಂಡ.

ಅಷ್ಟರಲ್ಲಿ ಡೆನ್ಜಿಲ್ ಬೇಕರಿಯಿಂದ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ತಂದವನು ಬಾಗಿಲು ತಳ್ಳಿ ಒಳಗೆ ಬಂದ.

"ಲೋ! ಗ್ಯಾಸಿನ ತಲೇನ ಬಿಯರ್ ಮೂತಿಗೆ ಜಡಿದಿದೀಯಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ಪಕ್ಕದಲ್ಲೇ ಕಪ್ಪುದು ಬಿದ್ದಿದೆ, ಕಾಣ್ಲಿಲ್ವಾ?"

ಕ್ಲೆಮ್ ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ತಿರುಗಿಸಿದ. ಡೆನ್ಜಿಲ್‌ನ ನಗು ನಿಧಾನವಾಗಿ ನಿಂತಿತು.

"ಕ್ಲೆಮ್, ನಾನು ಇಲ್ಲಿದೀನಿ ಮಾರಾಯ. ನೀನು ಕ್ಯಾಲೆಂಡರ್ ನೋಡ್ತಿದೀಯ."

"ಗೊತ್ತು. ನೀನು ಕಾಣ್ಬೇಕು ಅಂದ್ರೆ ನಾನು ಕ್ಯಾಲೆಂಡರ್ ನೋಡ್ಬೇಕು."

ಹೊರಗೆ ತಂತಿಯ ಮೇಲೆ ಗಲಾ ಗಿಳಿಗಳು ಕಿರುಚಾಡಿ ಸುಮ್ಮನಾದವು.

"ಯಾವಾಗಿಂದ?"

"ಹೋದ್ಸಲ ಏಡಿ ಹಿಡಿಯೋಕೆ ಹೋಗಿದ್ವಲ್ಲ, ಆಗಿಂದ."

"ನಾನೇ ಎಲ್ಲಾ ಏಡಿ ಹಿಡಿದೆ ಅಂತ ಊರೆಲ್ಲ ಸಾರ್ಕೊಂಡು ಬಂದ್ನಲ್ಲೋ," ಎಂದ ಡೆನ್ಜಿಲ್. "ನೊರೀನ್‌ಗೆ?"

"ಇಲ್ಲ. ನೀನೂ ಬಾಯಿ ಬಿಡ್ಬೇಡ."

ಡೆನ್ಜಿಲ್ ಸ್ಪ್ಯಾನರು ತೆಗೆದುಕೊಂಡು ಇಪ್ಪತ್ತು ನಿಮಿಷ ಹೆಣಗಾಡಿ ಮೂತಿಯ ಸಮೇತ ಅದನ್ನು ಬಿಚ್ಚಿದ. ಪ್ಯಾಸ್ಟಿಯನ್ನು ಕ್ಲೆಮ್‌ನ ಅಂಗೈಯಲ್ಲಿಟ್ಟ. ಕೆಗ್ಗನ್ನು ಗಾಡಿಗೆ ಹೇರಿಕೊಂಡು ಹೊರಟುಹೋದ. ಗಾಡಿಯ ಚಕ್ರದ ಕಿರುಗುಟ್ಟುವಿಕೆ ಗಲ್ಲಿ ದಾಟಿ ಕರಗುವವರೆಗೂ ಕ್ಲೆಮ್ ಕೇಳಿಸಿಕೊಂಡ. ಕೆಗ್ಗು ಗಲ್ಲಿ ದಾಟುವುದು ಅಲ್ಲಿಗೆ ಮುಗಿಯಿತು ಎಂದುಕೊಂಡ. ಕಣ್ಣು ಹೋದದ್ದಕ್ಕೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ.

ಭಾನುವಾರ ಬೆಳಗಿನಿಂದ ಗಾಡಿಯ ಸದ್ದಿಲ್ಲ. ಮೂರು ಗಂಟೆಗೆ ಕ್ಲೆಮ್ ತಾನೇ ಎದ್ದ. ನೀನು ನಿನ್ನ ಬಾಲ್ ಲಾಕು ತಗೋ, ಹಳೆಯವನ್ನು ನನಗೆ ಬಿಡು, ಬೇಜಾರಿಲ್ಲ ಎಂದು ಹೇಳಿ ಬಂದುಬಿಡಬೇಕು. ಬೇಜಾರಿಲ್ಲ ಎನ್ನುವುದನ್ನು ಅಭ್ಯಾಸ ಮಾಡುತ್ತಲೇ ಗಲ್ಲಿ ದಾಟಿದ. ಬಂದರಿನಲ್ಲಿ ಹಡಗಿಗೆ ಧಾನ್ಯ ತುಂಬುತ್ತಿದ್ದರು. ಅದರ ದೂಳು ಬಿಸಿಲಲ್ಲಿ ಬಂಗಾರದ ಹೊಗೆಯಾಗಿ ಊರಿನ ಮೇಲೆ ನಿಂತಿತ್ತು. ನೆಲ ಇದೆಯೋ ಇಲ್ಲವೋ ಎಂಬಂತೆ ಅವನು ನಡೆದ.

ಡೆನ್ಜಿಲ್‌ನ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಯಾರೋ ಗೊಣಗುತ್ತಿದ್ದರು. ಕ್ಲೆಮ್ ನೇರ ನೋಡಿದ, ಡೆನ್ಜಿಲ್ ಇರಬೇಕಾದಲ್ಲಿ ಮಂಜು. ಪಕ್ಕದ ಗೋಡೆಯ ಗರಗಸದ ಕಡೆ ದೃಷ್ಟಿ ಹೊರಳಿಸಿದ. ಆಗ ಗೆಳೆಯ ಕಂಡ.

ಡೆನ್ಜಿಲ್ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದ. ಕಣ್ಣಿಗೆ ಪಾತ್ರೆ ಒರೆಸುವ ಬಟ್ಟೆ ಕಟ್ಟಿಕೊಂಡಿದ್ದ. ಮೊಣಕಾಲ ನಡುವೆ ಆ ಹೊಸ ಕೆಗ್ಗು, ಬಿಚ್ಚಿದ ಮೂತಿಯನ್ನು ಮತ್ತೆ ಕೂರಿಸಿಯಾಗಿತ್ತು. ಅದನ್ನು ಸವರಿ ಸವರಿ ಸಾಕಾಗಿ, "ಥೂ, ದರಿದ್ರದ್ದು" ಎಂದು ಆಚೆ ತಳ್ಳಿದ. ತಡವರಿಸಿ ಹಳೆಯದೊಂದನ್ನು ಎಳೆದುಕೊಂಡ.

"ಒಂದು, ಎರಡು. ಗ್ಯಾಸು." ಬೆರಳು ಆಚೆ ಸರಿಯಿತು. "ಒಂದು, ಎರಡು... ಮೂರು. ಬಿಯರು." ಪೈಪಿನ ತಲೆಯನ್ನು ಅಡ್ಡಾದಿಡ್ಡಿಯಾಗಿ ಒತ್ತಿದ. ಜಾರಿತು. ಮತ್ತೆ ಮೊದಲಿನಿಂದ ಎಣಿಸಿದ.

ಕ್ಲೆಮ್ ಗರಗಸವನ್ನೇ ನೋಡುತ್ತ ನಿಂತಿದ್ದ. ಅದು ಒದ್ದೆಯಾಗಿ ಹೊಳೆಯತೊಡಗಿತು. "ಒತ್ತಿದ್ರೆ ಸಾಲ್ದು. ಬಲಕ್ಕೆ ತಿರುಗಿಸು. ಪಿನ್ನು ಸೀಳಿನೊಳಗೆ ಕೂರ್ಬೇಕು," ಎಂದ.

ಡೆನ್ಜಿಲ್ ಬೆಚ್ಚಿಬಿದ್ದ. ಬಟ್ಟೆ ತೆಗೆಯಲಿಲ್ಲ. ತಿರುಗಿಸಿದ. ಕೂತಿತು.

"ಎಷ್ಟೊತ್ತಿಂದ ಕದ್ದು ನೋಡ್ತಿದೀಯ?"

"ಬೇಕಾದಷ್ಟು ನೋಡಿದೆ."

"ಅಡಿಲೇಡಿನವನಿಗೆ ಬೇಡ ಅಂದೆ. ಬ್ರೋಕನ್ ಹಿಲ್‌ನಲ್ಲಿ ಒಬ್ಬಳು ಅಜ್ಜಿ ಗಂಡನ ಪಿನ್ ಲಾಕು ಸಾಮಾನು ಡಬ್ಬಿಗಟ್ಟಲೆ ಇಟ್ಕೊಂಡಿದಾಳಂತೆ, ವಾಲ್ವು ಸಮೇತ. ನಾವಿಬ್ರೂ ಹೋದ್ಮೇಲೂ ಮಿಗುತ್ತೆ. ನಾಳೆ ಹೋಗೋಣ, ಕಾರು ನಾನು ಓಡಿಸ್ತೀನಿ."

"ನೀನು ಓಡಿಸೋದಾದ್ರೆ ನಾನು ಕಣ್ಣು ಮುಚ್ಕೊಂಡೇ ಕೂರೋದು."

ಡೆನ್ಜಿಲ್ ನಕ್ಕ. ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ, ಅಗತ್ಯಕ್ಕಿಂತ ಹೆಚ್ಚು ಹೊತ್ತು. "ನೊರೀನ್‌ಗೆ ಹೇಳ್ಬೇಕು ಕಣೋ."

"ಶೆಡ್ಡು ಹೋಗುತ್ತೆ."

"ಹೋಗಲ್ಲ. ಕುದಿಸೋ ದಿನ ನಾನು ಬರ್ತೀನಿ. ಉರಿ ನಂದು, ರುಚಿ ನಿಂದು."

ತಿಳಿ ಬಿಯರು ತುಂಬಿದ ಕೆಗ್ಗೊಂದನ್ನು ಗಾಡಿಗೆ ಹೇರಿಕೊಂಡು ಕ್ಲೆಮ್ ಗಲ್ಲಿ ದಾಟಿದ. ಹಿತ್ತಿಲ ಬಾಗಿಲಲ್ಲಿ ನೊರೀನ್ ನಿಂತಿದ್ದಳು. ಅವಳ ಮುಖ ಕಾಣಲೆಂದು ಅವನು ಬಟ್ಟೆ ಒಣಹಾಕುವ ತಂತಿಯ ಕಡೆಗೆ ತಿರುಗಿದ.

"ನೊರೀನ್, ನಿನಗೊಂದು ವಿಷಯ ಹೇಳ್ಬೇಕಿತ್ತು."

"ಹೇಳಪ್ಪಾ," ಎಂದು ಅವಳು ಬಂದು ಗಾಡಿಯ ಒಂದು ಹಿಡಿ ಹಿಡಿದುಕೊಂಡಳು. "ಒಂದು ವರ್ಷದಿಂದ ಕಾಯ್ತಾ ಇದೀನಿ. ನಿನ್ನ ಕೈಗೆ ಸಿಗಲಿ ಅಂತ ಅಡುಗೆಮನೇಲಿ ಒಂದು ಲೋಟ ಕೂಡ ಜಾಗ ಬದಲಾಯಿಸದೆ."