ಹಿತ್ತಲ ಕೋಣೆಯ ಹನ್ನೊಂದು ದಿನ

೧೯೧೮ರ ಅಕ್ಟೋಬರಿನಲ್ಲಿ, ಪುಣೆಯ ತುಂಬ, ಜನ ಮಾನಮೋಡಿ ಎಂದು ಕರೆಯುತ್ತಿದ್ದ ಇನ್‌ಫ್ಲುಯೆಂಜಾ ಜ್ವರ ಹಬ್ಬಿದಾಗ, ಹೆಡ್‌ಕ್ಲಾರ್ಕ್ ಭುಜಂಗರಾಯರು ಸದಾಶಿವ ಪೇಠದ ತಮ್ಮ ಮನೆಯ ಮುಂಬಾಗಿಲಿಗೆ ಅಗಳಿ ಹಾಕಿಸಿ, ಇನ್ನು ಯಾರೂ ಹೊಸ್ತಿಲು ದಾಟಕೂಡದೆಂದು ಅಪ್ಪಣೆ ಕೊಟ್ಟರು. ಯಾರೂ ಎಂದರೆ ಹೆಂಡತಿ ರಂಗೂಬಾಯಿ ಮತ್ತು ಸೊಸೆ ಕೃಷ್ಣಾಬಾಯಿ. ರಾಯರು ಕಚೇರಿಗೆ ಹೋಗಲೇಬೇಕಿತ್ತು. ಅವರಿಲ್ಲದಿದ್ದರೆ ಸರಕಾರ ಅದೇ ದಿನ ಬಿದ್ದುಹೋಗುವ ಅಪಾಯವಿತ್ತು. ಮಗ ಏಕನಾಥನೂ ಅಲ್ಲೇ ಗುಮಾಸ್ತನಾದ್ದರಿಂದ ಸಾಮ್ರಾಜ್ಯದ ಸ್ವಲ್ಪ ಭಾರ ಅವನ ಮೇಲೂ ಇತ್ತು. ಸೋಮವಾರ ಕ್ಷೌರದವನು ಬರುತ್ತಿದ್ದ. ಗಡ್ಡ ಬಿಟ್ಟುಕೊಂಡು ರೋಗವನ್ನು ಎದುರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ಸಂಜೆ ನಾಲ್ವರು ಗೆಳೆಯರು ಬಂದು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಒಂದೇ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಜನ ಗುಂಪುಗೂಡುವುದರಿಂದಲೇ ಜ್ವರ ಹಬ್ಬುತ್ತಿದೆಯೆಂದು ಮರುಗುತ್ತಿದ್ದರು. ಪ್ರತಿ ಸಲ ಅಗಳಿ ತೆಗೆದು ಹಾಕುವ ಕೆಲಸ ಕೃಷ್ಣಾಬಾಯಿಯದು.

ಅವಳಿಗೆ ಎಂಟು ತಿಂಗಳ ಹೆಣ್ಣುಕೂಸು. ಪಕ್ಕದ ಮನೆಯ ಗೌರಾಬಾಯಿಯ ಕೂಸು ಹಿಂದಿನ ವಾರ ಎರಡೇ ದಿನದ ಜ್ವರದಲ್ಲಿ ಹೋಗಿತ್ತು. ಹಿತ್ತಲ ಗೋಡೆಯಾಚೆಯಿಂದ ಗೌರಾಬಾಯಿ ಹೇಳಿದ್ದು ಇಷ್ಟೇ: "ಅವರಪ್ಪ ಕೆಮ್ಮಕೋತನ ಎತ್ತಿಕೊಂಡ್ರು. ಬ್ಯಾಡ್ರಿ ಅಂತ ನಾ ಹೆಂಗ ಅನ್ನಲಿ?"

ಹೇಗೆ ಅನ್ನಬೇಕೆಂದು ಕೃಷ್ಣಾಬಾಯಿಯೂ ಯೋಚಿಸಿದಳು. ಗಂಡನಿಗೆ ಕೂಸನ್ನು ಮುಟ್ಟಬೇಡಿ ಎಂದು ಹೇಳುವ ಮಾತು ಮನೆಯ ಕನ್ನಡದಲ್ಲೂ ಇರಲಿಲ್ಲ, ಬೀದಿಯ ಮರಾಠಿಯಲ್ಲೂ ಇರಲಿಲ್ಲ.

ಗುರುವಾರ ಸಂಜೆ ಏಕನಾಥ ಕೆಮ್ಮುತ್ತ ಬಂದ. ಚಪ್ಪಲಿ ಬಿಡುತ್ತಲೇ "ಎಲ್ಲದ ನನ್ನ ಬಂಗಾರಿ?" ಎಂದು ಕೈ ಚಾಚಿದ. ಕೃಷ್ಣಾಬಾಯಿ ಕೂಸನ್ನು ಅವಚಿಕೊಂಡು ಅಡಿಗೆಮನೆಯ ಬಾಗಿಲಿಗೆ ಸರಿದಳು.

"ಅತ್ಯಾ, ನಾ ಹೊರಗಾಗೇನಿ."

ರಂಗೂಬಾಯಿಯ ಲಟ್ಟಣಿಗೆ ನಿಂತಿತು. "ದಸರಾದ ಹಿಂದಿನ ದಿನ ನೀರ ಹಾಕ್ಕೊಂಡಿ. ಹದಿನೈದ ದಿನಾನೂ ಆಗಿಲ್ಲ."

"ಆಗೇನ್ರಿ."

ತಿಂಗಳ ಮೂರು ದಿನ ಹೆಂಗಸು ಹಿತ್ತಲ ಕೋಣೆಯಲ್ಲಿ ಕೂಡಬೇಕು. ಅವಳು ಯಾರನ್ನೂ ಮುಟ್ಟಬಾರದು, ಅವಳನ್ನೂ ಯಾರೂ ಮುಟ್ಟಬಾರದು. ಊಟ ದೂರದಿಂದ ನೀಡಬೇಕು. ನಾಲ್ಕನೆಯ ದಿನ ತಲೆಗೆ ನೀರು. ಈ ಕಟ್ಟಳೆಯಲ್ಲಿ ಹೆಡ್‌ಕ್ಲಾರ್ಕರಿಗೂ ವಿನಾಯಿತಿ ಇಲ್ಲ. ಮೈಮೇಲೆ ಬಟ್ಟೆಯಿಲ್ಲದ ಮೊಲೆಗೂಸಿಗೆ ಮಾತ್ರ ಮೈಲಿಗೆ ತಗಲದು. ಕೃಷ್ಣಾಬಾಯಿ ಕೂಸಿನ ಅಂಗಿ, ಕುಂಚಿಗೆ ಬಿಚ್ಚಿ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋದಳು. ತೊಡೆಯಿಂದ ಇಳಿಸಿದರೆ ಯಾರಾದರೂ ಎತ್ತಿಕೊಂಡಾರು. ಆದ್ದರಿಂದ ಇಳಿಸಲೇ ಇಲ್ಲ. ಊರಿನ ದೊಡ್ಡವರೆಲ್ಲ ಹುಡುಕುತ್ತಿದ್ದ ಉಪಾಯ ಹೀಗೆ ಹಿತ್ತಲಲ್ಲೇ ಬಿದ್ದಿತ್ತು. ಆದರೆ ಇಂಥದನ್ನು ಹೆಂಗಸರ ಹತ್ತಿರ ಕೇಳುವುದು ಸಭ್ಯತೆಯಲ್ಲ.

ಶುಕ್ರವಾರ ಏಕನಾಥ ಮಲಗಿದ, ಶನಿವಾರ ರಾಯರು. ಸರಕಾರ ಹೇಗೋ ನಡೆದುಕೊಂಡು ಹೋಯಿತು. ಗಂಡ ನೀರು ಕೇಳುವುದು ಕೋಣೆಯವರೆಗೂ ಕೇಳಿಸುತ್ತಿತ್ತು. ಕೃಷ್ಣಾಬಾಯಿ ಎರಡು ಸಲ ಎದ್ದು ಹೊಸ್ತಿಲವರೆಗೆ ಬಂದಳು, ಕೂಸಿನ ನೆತ್ತಿ ಮೂಸಿ ಮತ್ತೆ ಕುಳಿತಳು. ಅವನಿಗೇನಾದರೂ ಆದರೆ, ಮುಂಡನವಾಗಿ ಇಂಥದೇ ಒಂದು ಕೋಣೆಯಲ್ಲಿ ತಾನು ಜೀವಮಾನವಿಡೀ ಕೂಡಬೇಕಾದೀತೆಂಬುದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಕೆಟ್ಟವನಲ್ಲವೆಂಬುದೂ ಗೊತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ರಂಗೂಬಾಯಿ ಬಿಸಿನೀರಿನ ಕೊಡ ತಂದಿಟ್ಟರು.

"ಏಳವಾ. ಇಬ್ಬರನ್ನ ನಾ ಒಬ್ಬಾಕಿ ಎಷ್ಟಂತ ನೋಡಲಿ? ನಿನ್ನ ಗಂಡ ನಿನ್ನ ಹೆಸರ ಹಿಡದ ಕರೀಲಿಕ್ಕತ್ತಾನ."

"ಇನ್ನೂ ನಿಂತಿಲ್ರಿ ಅತ್ಯಾ."

"ಯಾವಾಗ ನಿಲ್ತದ?"

"ಅವರ ಕೆಮ್ಮ ನಿಂತ ಮ್ಯಾಲೆ."

ರಂಗೂಬಾಯಿ ಸೊಸೆಯನ್ನು ನೋಡಲಿಲ್ಲ, ಕೂಸನ್ನು ನೋಡಿದರು. ಪ್ಲೇಗಿನ ವರ್ಷ ತೀರಿಕೊಂಡ ಮಗಳೊಬ್ಬಳಿದ್ದಳು ಅವರಿಗೆ; ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೊಡವನ್ನು ಮತ್ತೆ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದರು.

"ಯಾಕ, ಏಳಲಿಲ್ಲೇನ ಆಕಿ?" ಎಂದು ರಾಯರು ಜ್ವರದಲ್ಲೂ ವಿಚಾರಣೆ ನಡೆಸಿದರು.

"ಹೆಂಗಸರ ಮಾತ ನಿಮಗ್ಯಾಕ್ರಿ? ಸುಮ್ಮನ ಗಂಜಿ ಕುಡೀರಿ."

ಹನ್ನೊಂದನೆಯ ದಿನ ಮನೆಯಲ್ಲಿ ಕೆಮ್ಮು ಕೇಳಲಿಲ್ಲ. ಏಕನಾಥ ಗೋಡೆ ಹಿಡಿದು ನಡೆದಾಡಿದ. ರಾಯರು ದಿಂಬಿಗೆ ಒರಗಿ, ಸರಿಯಾದ ವೇಳೆಗೆ ತಾವು ಬಾಗಿಲು ಹಾಕಿಸಿದ್ದರಿಂದಲೇ ಮೊಮ್ಮಗಳು ಉಳಿದಳೆಂದು ಬಂದವರಿಗೆಲ್ಲ ವಿವರಿಸಿದರು. ಬರುವವರು ಬರುತ್ತಲೇ ಇದ್ದರು.

ಕೃಷ್ಣಾಬಾಯಿ ತಲೆಗೆ ನೀರು ಹಾಕಿಕೊಂಡು ಕೂದಲು ಹಿಂಡುತ್ತಿದ್ದಾಗ ರಂಗೂಬಾಯಿ ಚಾಪೆ, ತಂಬಿಗೆ, ಬಟ್ಟಲು ಹಿಡಿದು ಹಿತ್ತಲಿಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಎಲ್ಲಿಗ್ರಿ ಅತ್ಯಾ?"

"ಹೊರಗಾಗೇನಿ."

ಒಳಗಿನಿಂದ ರಾಯರ ದನಿ ಬಂತು. "ಈ ವಯಸ್ಸಿನಾಗ? ನಿಂತು ಹತ್ತ ವರ್ಷ ಆತಲ್ಲ."

"ಆಗಿದ್ದ ಆತ್ರಿ. ಯಾರೂ ನನ್ನ ಮುಟ್ಟಬ್ಯಾಡ್ರಿ."

ಜ್ವರದ ವಿಷಯದಲ್ಲಿ ಎಲ್ಲವನ್ನೂ ಬಲ್ಲ ರಾಯರು ಮಡಿಯ ವಿಷಯ ಬಂದಾಗ ಪತ್ರಿಕೆ ಬಿಡಿಸಿ ಹಿಡಿದರು.

ಮಧ್ಯಾಹ್ನ ಕೃಷ್ಣಾಬಾಯಿ ಗಂಜಿ ತಂದಳು. ಅತ್ತೆ ಮುದುಡಿ ಮಲಗಿದ್ದರು. ಹಣೆ ಮುಟ್ಟಿ ನೋಡಬೇಕೆಂದು ಹೊಸ್ತಿಲ ಮೇಲೆ ಕಾಲಿಟ್ಟಳು.

"ಅಲ್ಲೇ ನಿಲ್ಲು," ಎಂದರು ರಂಗೂಬಾಯಿ, ಕಣ್ಣು ತೆರೆಯದೆ. "ಕೂಸಿನ್ನ ಎತ್ತಿಕೊಳ್ಳೂ ಕೈ ಅದು. ಮ್ಯಾಲಿಂದ ನೀಡು."

ಕೃಷ್ಣಾಬಾಯಿ ಅಲ್ಲಿಂದಲೇ ಕೈ ಚಾಚಿ ಸುರಿದಳು. ಅರ್ಧ ಗಂಜಿ ಬಟ್ಟಲಿನ ಹೊರಗೆ ಚೆಲ್ಲಿತು.